ಹ್ಯಾಲೋವೀನ್‌ಗೆ ಮಕ್ಕಳ ಜೊತೆ ಯಾವ ಸಿನಿಮಾ ನೋಡಬಹುದು?

ಪ್ರಶ್ನೆ: ನಾವು ನ್ಯೂಜೆರ್ಸಿಯ ಎಡಿಸನ್‌ನಲ್ಲಿದ್ದೇವೆ. ಮಗಳಿಗೆ ಹನ್ನೊಂದು ವರ್ಷ, ಮಗನಿಗೆ ಆರು. ಹೋದ ವರ್ಷ ಹ್ಯಾಲೋವೀನ್ ಹೊತ್ತಿಗೆ ಮಗಳ ಸ್ನೇಹಿತೆಯ ಮನೆಯಲ್ಲಿ ಮಕ್ಕಳೆಲ್ಲ ಸೇರಿ ‘ಕೊರಲೈನ್’ ನೋಡಿದರು. ಗೊಂಬೆಗಳ ಸಿನಿಮಾ, ವಯಸ್ಸಿನ ದರ್ಜೆಯೂ ಪಿಜಿ ಅಂತ ಬೇರೆ ಇದೆ, ಪರವಾಗಿಲ್ಲ ಅಂದುಕೊಂಡೆವು. ಅವತ್ತಿನಿಂದ ಮಗ ಗುಂಡಿ ಇರುವ ಅಂಗಿ ಹಾಕುವುದಿಲ್ಲ. ಗುಂಡಿ ಕಣ್ಣಿನ ಕರಡಿ ಗೊಂಬೆಯನ್ನು ಗ್ಯಾರೇಜಿಗೆ ಸಾಗಿಸಿದ್ದಾನೆ. ನಡುವೆ ಸ್ವಲ್ಪ ಕಡಿಮೆಯಾಗಿತ್ತು. ಈಗ ಅಂಗಡಿಗಳಲ್ಲಿ ಅಸ್ಥಿಪಂಜರ, ಮಾಟಗಾತಿ ಗೊಂಬೆಗಳು ಕಾಣಿಸಿಕೊಂಡ ಕೂಡಲೇ ಮತ್ತೆ ರಾತ್ರಿ ನಾನು ಪಕ್ಕದಲ್ಲೇ ಮಲಗಬೇಕು ಅನ್ನುತ್ತಿದ್ದಾನೆ. ಮಗಳಿಗೆ ಮಾತ್ರ ಈ ವರ್ಷ ಮನೆಯಲ್ಲಿ ಹ್ಯಾಲೋವೀನ್ ಸಿನಿಮಾ ಹಾಕಲೇಬೇಕಂತೆ. ನನ್ನ ಗಂಡ, “ಹೆದರಿದರೇನೇ ಧೈರ್ಯ ಬರೋದು” ಅನ್ನುತ್ತಾರೆ. ಪುತ್ತೂರಿನಿಂದ ಬಂದಿರುವ ಅತ್ತೆ, “ಪ್ರೇತ ಪಿಶಾಚಿಗಳ ಸಿನಿಮಾ ಮಕ್ಕಳಿಗೆ ಯಾಕೆ?” ಅನ್ನುತ್ತಾರೆ. ಯಾರ ಮಾತು ಸರಿ? ಇಬ್ಬರು ಮಕ್ಕಳೂ ಒಟ್ಟಿಗೆ ಕೂತು ನೋಡುವ ಸಿನಿಮಾ ಯಾವುದಾದರೂ ಇದೆಯೇ?
— ಒಬ್ಬ ತಾಯಿ

ಉತ್ತರ:

ನೀವು ಕೇಳಿರುವುದು ಸಿನಿಮಾಗಳ ಹೆಸರು. ಖಂಡಿತ ಹೇಳುತ್ತೇನೆ. ಅದಕ್ಕೆ ಮುಂಚೆ ನಿಮ್ಮ ಮಗನ ಹೆದರಿಕೆ ಎಂಥದ್ದು ಅಂತ ನೋಡೋಣ. ಅದು ತಿಳಿದರೆ ಯಾವ ಸಿನಿಮಾ ಆಗುತ್ತದೆ, ಯಾವುದು ಬೇಡ ಅನ್ನುವುದನ್ನು ಮುಂದಿನ ವರ್ಷ ಯಾರನ್ನೂ ಕೇಳದೆ ನೀವೇ ನಿರ್ಧರಿಸಬಹುದು.

ಗುಂಡಿ ಕಂಡರೆ ಹೆದರುವುದು ಹಟ ಅಲ್ಲ, ನಾಟಕವೂ ಅಲ್ಲ. ಆ ಸಿನಿಮಾ ನೋಡಿದ ಐದು ವರ್ಷದ ಮಗುವಿಗೆ ಅದು ತೀರಾ ಸಹಜ. ಕೊರಲೈನ್ 2009ರಲ್ಲಿ ಹೆನ್ರಿ ಸೆಲಿಕ್ ನಿರ್ದೇಶಿಸಿದ ಸಿನಿಮಾ, ನೀಲ್ ಗೈಮನ್ ಅವರ ಕಾದಂಬರಿಯಿಂದ ಬಂದದ್ದು. ಒಬ್ಬ ಹುಡುಗಿಗೆ ಹೊಸ ಮನೆಯ ಗೋಡೆಯಲ್ಲಿ ಒಂದು ಪುಟ್ಟ ಬಾಗಿಲು ಸಿಗುತ್ತದೆ. ಆಚೆ ಇನ್ನೊಂದು ಮನೆ, ಅಲ್ಲಿ ಇನ್ನೊಬ್ಬಳು ಅಮ್ಮ. ಅವಳು ನಗುತ್ತಾಳೆ, ಇಷ್ಟದ ಅಡುಗೆ ಮಾಡಿ ಬಡಿಸುತ್ತಾಳೆ. ಆದರೆ ಅವಳ ಕಣ್ಣಿರುವ ಜಾಗದಲ್ಲಿ ಕಪ್ಪು ಗುಂಡಿಗಳಿವೆ. ಇಲ್ಲೇ ಇರಬೇಕಾದರೆ ನಿನ್ನ ಕಣ್ಣಿಗೂ ಗುಂಡಿ ಹೊಲಿಯಬೇಕು ಅನ್ನುತ್ತಾಳೆ. ದೊಡ್ಡವರಿಗೆ ಇದು ಜಾಣ ಕಥೆ. ಐದು ವರ್ಷದ ಮಗುವಿಗೆ ಜಗತ್ತಿನಲ್ಲಿ ಅತಿ ಸುರಕ್ಷಿತವಾದ ಮುಖ ಅಮ್ಮನದು. ಆ ಮುಖವೇ ಬದಲಾಯಿತಲ್ಲ! ಇನ್ನು ಗುಂಡಿಯಂತೂ ಮನೆಯ ಪ್ರತಿ ಕಪಾಟಿನಲ್ಲೂ ಇದೆ. ಡ್ರ್ಯಾಗನ್‌ಗೆ ಹೆದರಿದ ಮಗುವಿಗೆ ಬೆಳಿಗ್ಗೆ ಎದ್ದು ಡ್ರ್ಯಾಗನ್ ಕಾಣುವುದಿಲ್ಲ. ನಿಮ್ಮ ಮಗನಿಗೆ ಹೆದರಿಕೆಯ ನೆನಪು ದಿನಾ ಅಪ್ಪನ ಅಂಗಿಯ ಮೇಲೇ ಕಾಣುತ್ತದೆ.

ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಜೋನ್ ಕ್ಯಾಂಟರ್ ಎಂಬ ಸಂಶೋಧಕಿ ಮಕ್ಕಳು ಮತ್ತು ಹೆದರಿಸುವ ದೃಶ್ಯಗಳ ಬಗ್ಗೆ ವರ್ಷಗಟ್ಟಲೆ ಕೆಲಸ ಮಾಡಿದರು. ಅವರ ಒಂದು ಅಧ್ಯಯನ ನನಗೆ ಕೆಲಸದಲ್ಲಿ ಪದೇ ಪದೇ ನೆನಪಾಗುತ್ತದೆ. ಆಗ ಅಮೆರಿಕದ ಟಿವಿಯಲ್ಲಿ ‘ಇನ್‌ಕ್ರೆಡಿಬಲ್ ಹಲ್ಕ್’ ಎಂಬ ಧಾರಾವಾಹಿ ಬರುತ್ತಿತ್ತು. ಹಲ್ಕ್ ಒಳ್ಳೆಯವನು, ಕಷ್ಟದಲ್ಲಿರುವವರನ್ನು ಕಾಪಾಡುತ್ತಾನೆ. ಸ್ವಲ್ಪ ದೊಡ್ಡ ಮಕ್ಕಳು ಅವನು ಬಂದ ಕೂಡಲೇ ನಿರಾಳವಾಗುತ್ತಿದ್ದರು. ಪುಟ್ಟ ಮಕ್ಕಳು ಮಾತ್ರ ಒಬ್ಬ ಮಾಮೂಲಿ ಮನುಷ್ಯ ಹಸಿರು ದೈತ್ಯನಾಗಿ ಬದಲಾಗುವ ಆ ಕ್ಷಣದಲ್ಲೇ ಅತಿ ಜಾಸ್ತಿ ಹೆದರುತ್ತಿದ್ದರು. ಇನ್ನೊಂದು ಪ್ರಯೋಗದಲ್ಲಿ ಒಬ್ಬ ಮುದುಕಿಯನ್ನು ಬೇರೆ ಬೇರೆ ರೀತಿಯಲ್ಲಿ ತೋರಿಸಿದರು. ನೋಡಲು ಚೆಂದ ಆದರೆ ಕ್ರೂರಿ, ನೋಡಲು ವಿಕಾರ ಆದರೆ ಕರುಣಾಮಯಿ, ಹೀಗೆ. ಚಿಕ್ಕ ಮಕ್ಕಳು ರೂಪ ನೋಡಿ ಅವಳು ಒಳ್ಳೆಯವಳೋ ಕೆಟ್ಟವಳೋ ಅಂತ ತೀರ್ಮಾನಿಸಿದರು. ದೊಡ್ಡ ಮಕ್ಕಳು ಅವಳ ನಡತೆ ನೋಡಿದರು.

ಇದರಿಂದ ನಮಗೆ ಒಂದು ಅಳತೆಗೋಲು ಸಿಗುತ್ತದೆ. ಸುಮಾರು ಏಳು ವರ್ಷದವರೆಗೆ ಮಕ್ಕಳನ್ನು ಹೆದರಿಸುವುದು ರೂಪ, ಸದ್ದು, ಮತ್ತು ಗೊತ್ತಿದ್ದದ್ದು ಗೊತ್ತಿಲ್ಲದ್ದಾಗುವ ಕ್ಷಣ. ಎಂಟು ಒಂಬತ್ತು ದಾಟಿದ ಮೇಲೆ ಪ್ರಶ್ನೆ ಬದಲಾಗುತ್ತದೆ: ‘ಇದು ನಿಜವಾಗಿ ನನಗೆ ಆಗಬಹುದಾ?’ ಅದಕ್ಕೇ ನಿಮ್ಮ ಮಗಳು ದೆವ್ವ ನೋಡಿ ನಗಬಹುದು, ಮನೆಗೆ ಕಳ್ಳ ನುಗ್ಗುವ ಅಥವಾ ಅಪ್ಪ ಅಮ್ಮ ಸಾಯುವ ದೃಶ್ಯ ನೋಡಿ ನಿದ್ದೆಗೆಡಬಹುದು. ಅವಳು ಧೈರ್ಯವಂತೆ, ಅವನು ಪುಕ್ಕಲ ಅಂತ ಅಲ್ಲ. ಇಬ್ಬರ ವಯಸ್ಸೂ ಬೇರೆ, ಹೆದರಿಕೆಯೂ ಬೇರೆ. ಈ ಮಾತನ್ನು ಮಗಳಿಗೂ ಹೇಳಿ, ದಯವಿಟ್ಟು. ತಮ್ಮನನ್ನು ಗೇಲಿ ಮಾಡುವುದು ಅರ್ಧ ಕಡಿಮೆಯಾಗುತ್ತದೆ.

ಇನ್ನು ನಿಮ್ಮ ಪತಿಯ ಮಾತು. ಹೆದರಿದರೆ ಧೈರ್ಯ ಬರುತ್ತದೆ ಅನ್ನುವುದರಲ್ಲಿ ಅರ್ಧ ನಿಜ ಇದೆ. ಮಕ್ಕಳಿಗೆ ಸ್ವಲ್ಪ ಹೆದರುವುದು ಇಷ್ಟ. ಕಣ್ಣಾಮುಚ್ಚಾಲೆಯಲ್ಲಿ ಬಾಗಿಲ ಹಿಂದಿನಿಂದ ‘ಭೌ’ ಅಂದರೆ ಕಿರುಚಿ, ನಕ್ಕು, ಇನ್ನೊಮ್ಮೆ ಮಾಡು ಅನ್ನುತ್ತಾರಲ್ಲ, ಹಾಗೆ. ಆ ‘ಇನ್ನೊಮ್ಮೆ’ಯಲ್ಲೇ ಎಲ್ಲವೂ ಇದೆ. ಬೇಕಾದಾಗ ಶುರು ಮಾಡಬಹುದು, ಬೇಡವಾದಾಗ ನಿಲ್ಲಿಸಬಹುದು ಅನ್ನುವ ಹೆದರಿಕೆಯಿಂದ ಧೈರ್ಯ ಬೆಳೆಯುತ್ತದೆ. ದೊಡ್ಡ ಮಕ್ಕಳ ಗುಂಪಿನ ನಡುವೆ, ಬೇರೆಯವರ ಮನೆಯಲ್ಲಿ, ಎದ್ದು ಹೋದರೆ ನಗುತ್ತಾರೆ ಅಂತ ಕದಲದೆ ಕೂತು ನೋಡಿದ ಹೆದರಿಕೆಯಿಂದ ಬೆಳೆಯುವುದಿಲ್ಲ. ಕ್ಯಾಂಟರ್ ಮತ್ತು ಅವರ ಸಹೋದ್ಯೋಗಿ 1999ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಾಲೇಜು ವಿದ್ಯಾರ್ಥಿಗಳನ್ನು ಕೇಳಿದಾಗ ಶೇಕಡ 90ರಷ್ಟು ಮಂದಿ ಚಿಕ್ಕಂದಿನಲ್ಲೋ ಹದಿಹರೆಯದಲ್ಲೋ ಯಾವುದೋ ಸಿನಿಮಾ ಅಥವಾ ಟಿವಿ ದೃಶ್ಯಕ್ಕೆ ಬಲವಾಗಿ ಹೆದರಿದ್ದನ್ನು ನೆನಪಿಸಿಕೊಂಡರು. ಸುಮಾರು ನಾಲ್ಕರಲ್ಲಿ ಒಬ್ಬರಿಗೆ ಆ ಕಸಿವಿಸಿ ಆಗಲೂ ಪೂರ್ತಿ ಹೋಗಿರಲಿಲ್ಲ. ಹಾಗಾಗಿ ‘ನಾವೆಲ್ಲ ನೋಡಿ ಬೆಳೆದಿಲ್ವಾ’ ಅನ್ನುವ ಮಾತನ್ನು ನಾನು ಅಷ್ಟು ಸುಲಭವಾಗಿ ಒಪ್ಪುವುದಿಲ್ಲ. ಬೆಳೆದೆವು, ನಿಜ. ಆದರೆ ಎಷ್ಟೋ ಜನ ಇವತ್ತಿಗೂ ಹಿತ್ತಲಿನ ಕತ್ತಲೆಗೆ ಒಬ್ಬರೇ ಹೋಗುವುದಿಲ್ಲ ಅನ್ನುವುದೂ ನಿಜ.

ಅತ್ತೆಯವರ ಮಾತಿನಲ್ಲೂ ತಿರುಳಿದೆ. ಸಿನಿಮಾದಲ್ಲಿ ಪ್ರೇತ ಕಂಡ ಮಾತ್ರಕ್ಕೆ ಮಗುವಿಗೆ ಏನೋ ತಗುಲಿಕೊಳ್ಳುತ್ತದೆ ಅನ್ನುವುದಕ್ಕೆ ಆಧಾರವಿಲ್ಲ. ಆದರೆ ಸಂಜೆ ಕಳೆದ ಮೇಲೆ ಮಕ್ಕಳ ತಲೆಗೆ ಹೆದರಿಕೆ ತುಂಬಬೇಡಿ ಅನ್ನುವುದು ಒಳ್ಳೆಯ ಬುದ್ಧಿಮಾತು. ಮಲಗುವ ಮುಂಚಿನ ಒಂದು ಗಂಟೆ ಪರದೆ ಬೇಡ ಅಂತ ಅಮೆರಿಕದ ಮಕ್ಕಳ ತಜ್ಞರ ಸಂಘವೂ ಹೇಳುತ್ತದೆ.

ಅತ್ತೆಯವರು ಪುತ್ತೂರಿನವರು ಅಂದಿರಿ. ಅವರಲ್ಲಿ ಬಣ್ಣದ ವೇಷದ ಬಗ್ಗೆ ಕೇಳಿ. ಯಕ್ಷಗಾನದಲ್ಲಿ ರಾಕ್ಷಸ ಅಬ್ಬರಿಸುತ್ತಾ ಬರುವಾಗ ಮಕ್ಕಳು ಅಜ್ಜಿಯ ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳುತ್ತಾರೆ. ಆದರೆ ಅದೇ ಮಕ್ಕಳು ಆಟಕ್ಕೆ ಮುಂಚೆ ಚೌಕಿಗೆ, ಅಂದರೆ ವೇಷ ಕಟ್ಟುವ ಜಾಗಕ್ಕೆ ಹೋಗಿ, ಕಲಾವಿದರು ಅಕ್ಕಿ ಹಿಟ್ಟು ಸುಣ್ಣ ಕಲಸಿ ಮುಖದ ಮೇಲೆ ಚುಟ್ಟಿ ಇಡುವುದನ್ನು ಕಣ್ಣು ಮಿಟುಕಿಸದೆ ನೋಡುತ್ತಾರೆ. ವೇಷ ಕಟ್ಟುವುದನ್ನು ನೋಡಿದ ಮಗುವಿಗೆ ವೇಷದ ಹೆದರಿಕೆ ಕಡಿಮೆ. ಕ್ಯಾಂಟರ್ ಅವರೂ ಇದನ್ನೇ ಕಂಡರು. ಹಲ್ಕ್‌ಗೆ ಮೇಕಪ್ ಮಾಡುವುದನ್ನು ಮೊದಲೇ ತೋರಿಸಿದರೆ ಮಕ್ಕಳ ಹೆದರಿಕೆ ಇಳಿಯುತ್ತಿತ್ತು. ಚೌಕಿಯ ಈ ವಿಚಾರ ನಿಮ್ಮ ಮಗನಿಗೆ ಬಹಳ ಉಪಯೋಗಕ್ಕೆ ಬರುತ್ತದೆ, ಮುಂದೆ ಹೇಳುತ್ತೇನೆ.

‘ಇದೆಲ್ಲ ನಿಜ ಅಲ್ಲ ಮಗಾ’ ಅಂತ ನೀವು ನೂರು ಸಲ ಹೇಳಿರುತ್ತೀರಿ, ಅಲ್ವಾ? ಹನ್ನೊಂದರ ಮಗುವಿಗೆ ಆ ಮಾತು ಸಾಕು. ಆರರ ಮಗು ‘ನಿಜ ಅಲ್ಲ’ ಅಂತ ಬಾಯಲ್ಲಿ ಒಪ್ಪುತ್ತದೆ, ಹೊಟ್ಟೆಯೊಳಗೆ ಹೆದರಿಕೆ ಹಾಗೇ ಇರುತ್ತದೆ. ಆ ವಯಸ್ಸಿಗೆ ವಾದಕ್ಕಿಂತ ಮೈಯ ಸಮಾಧಾನ ಬೇಗ ಮುಟ್ಟುತ್ತದೆ. ತಬ್ಬಿಕೊಳ್ಳುವುದು, ಬೆಚ್ಚಗಿನ ಹಾಲು, ಲೈಟ್ ಹಾಕಿ ಕೋಣೆಯಲ್ಲಿ ಒಂದು ಸುತ್ತು. ವಿವರಣೆ ಬೆಳಿಗ್ಗೆಗೆ ಇರಲಿ.

ಪಿಜಿ ಅಂತ ಇತ್ತು ಅಂದಿರಿ. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕೆಂದರೆ ನನ್ನ ಹತ್ತಿರ ಬರುವ ಅಪ್ಪ ಅಮ್ಮಂದಿರು ಎಡವುವುದು ಹೆಚ್ಚಾಗಿ ಇಲ್ಲೇ. ಅಮೆರಿಕದ ಪದ್ಧತಿಯಲ್ಲಿ ಜಿ ಅಂದರೆ ಎಲ್ಲರಿಗೂ. ಪಿಜಿ ಅಂದರೆ ‘ಪೋಷಕರೇ, ನೋಡಿ ನಿರ್ಧರಿಸಿ’ ಅಷ್ಟೇ. ಐದು ವರ್ಷಕ್ಕೆ ಸರಿ ಅಂತ ಅದು ಎಲ್ಲೂ ಹೇಳುವುದಿಲ್ಲ. ಆ ಅಕ್ಷರದ ಪಕ್ಕದಲ್ಲಿ ಕಾರಣಗಳ ಒಂದು ಸಣ್ಣ ಸಾಲು ಇರುತ್ತದೆ. ಕೊರಲೈನ್‌ಗೆ ‘ಹೆದರಿಸುವ ದೃಶ್ಯಗಳು’ ಅಂತಲೇ ಬರೆದಿದ್ದಾರೆ. ಆ ಸಾಲನ್ನು ಓದುವ ಅಭ್ಯಾಸ ಮಾಡಿಕೊಳ್ಳಿ. ಗೊಂಬೆ ಅಥವಾ ಕಾರ್ಟೂನ್ ಅಂದ ಮಾತ್ರಕ್ಕೆ ಪುಟ್ಟ ಮಕ್ಕಳದ್ದು ಅಂತಲೂ ಅಂದುಕೊಳ್ಳಬೇಡಿ. ಅದು ಸಿನಿಮಾ ತಯಾರಿಸುವ ಒಂದು ವಿಧಾನ, ವಯಸ್ಸಿನ ಗುರುತಲ್ಲ.

ಹಳೆಯ ಸಿನಿಮಾಗಳ ಪಿಜಿ ಇನ್ನೂ ಮೋಸ. ಹದಿಮೂರರೊಳಗಿನ ಮಕ್ಕಳಿಗೆ ಹೊಂದದ ಭಾಗ ಇರಬಹುದು ಅಂತ ಎಚ್ಚರಿಸುವ ಪಿಜಿ-13 ಎಂಬ ದರ್ಜೆ ಹುಟ್ಟಿದ್ದು 1984ರ ಜುಲೈನಲ್ಲಿ. ಅದೇ ಬೇಸಿಗೆಯಲ್ಲಿ ಬಂದ ‘ಗ್ರೆಮ್ಲಿನ್ಸ್’ ಮತ್ತು ಇಂಡಿಯಾನಾ ಜೋನ್ಸ್ ಸರಣಿಯ ಎರಡನೇ ಸಿನಿಮಾ ಎರಡೂ ಪಿಜಿ. ಮಕ್ಕಳನ್ನು ಕರೆದುಕೊಂಡು ಹೋದ ಪೋಷಕರು ಎದೆಯಿಂದ ಹೃದಯ ಕಿತ್ತು ತೆಗೆಯುವ ದೃಶ್ಯ ನೋಡಿ ಕಂಗಾಲಾದರು. ಆ ಗಲಾಟೆಯಿಂದಲೇ ನಡುವಿನ ದರ್ಜೆ ಬಂತು. ಅಂದರೆ ಅದಕ್ಕೆ ಮುಂಚಿನ ಪಿಜಿಯಲ್ಲಿ ಏನು ಬೇಕಾದರೂ ಇರಬಹುದು. 1982ರ ‘ಪೋಲ್ಟರ್‌ಗೈಸ್ಟ್’ ಕೂಡ ಪಿಜಿ. ಅದನ್ನು ಹನ್ನೊಂದರ ಮಗಳಿಗೂ ನಾನು ತೋರಿಸುವುದಿಲ್ಲ. ಸಿನಿಮಾ 1984ಕ್ಕಿಂತ ಹಳೆಯದಾದರೆ ಅಕ್ಷರ ನಂಬದೆ ನೀವೇ ಮೊದಲು ನೋಡಿ.

ಈಗ ಸಿನಿಮಾಗಳು. ಇಬ್ಬರನ್ನೂ ಕೂರಿಸಿಕೊಂಡು ನೋಡಲು ಈ ವರ್ಷ ನಿಮ್ಮ ಮನೆಗೆ ನನ್ನ ಮೊದಲ ಆಯ್ಕೆ ‘ರೂಮ್ ಆನ್ ದಿ ಬ್ರೂಮ್’. 2012ರಲ್ಲಿ ಬಿಬಿಸಿಗಾಗಿ ಮಾಡಿದ್ದು, ಜೂಲಿಯಾ ಡೊನಾಲ್ಡ್‌ಸನ್ ಅವರ ಮಕ್ಕಳ ಪುಸ್ತಕದಿಂದ. ಅರ್ಧ ಗಂಟೆಯೂ ಇಲ್ಲ. ಮಾಟಗಾತಿ ಇದ್ದಾಳೆ, ಪೊರಕೆ ಇದೆ, ಬೆಕ್ಕಿದೆ, ಹ್ಯಾಲೋವೀನ್‌ಗೆ ಬೇಕಾದದ್ದೆಲ್ಲ ಇದೆ. ಆದರೆ ಈ ಮಾಟಗಾತಿ ಮರೆಗುಳಿ, ಕರುಣಾಳು. ದಾರಿಯಲ್ಲಿ ಸಿಕ್ಕ ನಾಯಿ, ಹಕ್ಕಿ, ಕಪ್ಪೆ ಎಲ್ಲರಿಗೂ ತನ್ನ ಪೊರಕೆಯ ಮೇಲೆ ಜಾಗ ಕೊಡುತ್ತಾಳೆ. ಕೊನೆಗೆ ಡ್ರ್ಯಾಗನ್ ಬಂದಾಗ ಆ ಪ್ರಾಣಿಗಳೇ ಕೆಸರು ಮೆತ್ತಿಕೊಂಡು, ಒಬ್ಬರ ಮೇಲೊಬ್ಬರು ನಿಂತು, ಒಂದು ಭಯಂಕರ ಪ್ರಾಣಿಯಾಗಿ ಅದನ್ನು ಓಡಿಸುತ್ತವೆ. ಆ ಭಯಂಕರ ಪ್ರಾಣಿ ಹೇಗಾಯಿತು ಅನ್ನುವುದು ಮಗುವಿಗೆ ಕಣ್ಣಾರೆ ಗೊತ್ತಿರುತ್ತದೆ. ಚೌಕಿಯ ಬಗ್ಗೆ ಹೇಳಿದೆನಲ್ಲ, ಇಲ್ಲಿ ಅದು ಕಥೆಯೊಳಗೇ ಇದೆ. ನಿಮ್ಮ ಮಗನಿಗೆ ಇದಕ್ಕಿಂತ ಹೊಂದುವ ಸಿನಿಮಾ ನನಗೆ ಹೊಳೆಯುತ್ತಿಲ್ಲ. ಡ್ರ್ಯಾಗನ್ ಬರುವ ಭಾಗ ಮಾತ್ರ ಸ್ವಲ್ಪ ಜೋರು. ಮೊದಲೇ ಹೇಳಿಬಿಡಿ.

ಎರಡನೆಯದು ‘ಇಟ್ಸ್ ದಿ ಗ್ರೇಟ್ ಪಂಪ್ಕಿನ್, ಚಾರ್ಲಿ ಬ್ರೌನ್’. 1966ರ ಅಕ್ಟೋಬರ್‌ನಲ್ಲಿ ಮೊದಲ ಸಲ ಟಿವಿಯಲ್ಲಿ ಬಂದದ್ದು, ಅಮೆರಿಕದ ಎಷ್ಟೋ ಮನೆಗಳಲ್ಲಿ ಇವತ್ತಿಗೂ ಪ್ರತಿ ವರ್ಷ ನೋಡುತ್ತಾರೆ. ಇದೂ ಅರ್ಧ ಗಂಟೆಯೊಳಗೆ. ಲೈನಸ್ ಎಂಬ ಹುಡುಗ ಕುಂಬಳದ ಹೊಲದಲ್ಲಿ ರಾತ್ರಿಯಿಡೀ ಕಾಯುತ್ತಾನೆ, ಮಹಾ ಕುಂಬಳಕಾಯಿ ಎದ್ದು ಬಂದು ಉಡುಗೊರೆ ಕೊಡುತ್ತದೆ ಅಂತ. ಅದು ಬರುವುದೇ ಇಲ್ಲ. ಮಕ್ಕಳು ಮನೆ ಮನೆಗೆ ಹೋಗಿ ಮಿಠಾಯಿ ಕೇಳುವಾಗ ಎಲ್ಲರ ಚೀಲಕ್ಕೂ ಚಾಕೊಲೇಟ್ ಬಿದ್ದರೆ ಚಾರ್ಲಿ ಬ್ರೌನ್ ಚೀಲಕ್ಕೆ ಬರೀ ಕಲ್ಲು ಬೀಳುತ್ತದೆ. ಹೆದರಿಕೆಯ ದೃಶ್ಯ ಅಂತ ಏನೂ ಇಲ್ಲ. ಆದರೆ ಸೂಕ್ಷ್ಮ ಮಕ್ಕಳಿಗೆ ಆ ಕಲ್ಲಿನ ವಿಷಯ ನಿಜಕ್ಕೂ ದುಃಖ ತರುತ್ತದೆ. ಕೆಲವು ಮಕ್ಕಳು ಅತ್ತೇಬಿಡುತ್ತಾರೆ. ಅದು ಒಳ್ಳೆಯ ಅಳು, ತಡೆಯಬೇಡಿ. ಮಕ್ಕಳು ಒಬ್ಬರನ್ನೊಬ್ಬರು ಪೆದ್ದ ಅಂತ ಕರೆಯುವ ಮಾತುಗಳೂ ಇವೆ, ನಿಮ್ಮ ಮನೆಯಲ್ಲಿ ಆ ಪದಕ್ಕೆ ನಿಷೇಧವಿದ್ದರೆ ತಿಳಿದಿರಲಿ.

ಪೂರ್ತಿ ಉದ್ದದ ಸಿನಿಮಾ ಬೇಕೆಂದರೆ 2005ರ ವಾಲೆಸ್ ಮತ್ತು ಗ್ರೋಮಿಟ್ ಸಿನಿಮಾ, ‘ದಿ ಕರ್ಸ್ ಆಫ್ ದಿ ವೇರ್-ರ್ಯಾಬಿಟ್’. ದರ್ಜೆ ಜಿ. ಆ ವರ್ಷದ ಆಸ್ಕರ್ ಕೂಡ ಬಂತು. ಊರಿನ ತರಕಾರಿ ಸ್ಪರ್ಧೆಗೆ ಬೆಳೆಸಿದ ದೈತ್ಯ ಕುಂಬಳ, ಕ್ಯಾರೆಟ್‌ಗಳನ್ನು ಹುಣ್ಣಿಮೆ ರಾತ್ರಿ ಬಂದು ತಿನ್ನುವ ರಾಕ್ಷಸ ಮೊಲದ ಕಥೆ. ಇಡೀ ಸಿನಿಮಾದಲ್ಲಿ ರಾಕ್ಷಸನಿಂದ ಅಪಾಯ ಇರುವುದು ತರಕಾರಿಗಳಿಗೆ! ನಿಮ್ಮ ಪತಿಗೂ ಮಗಳಿಗೂ ನಗು ಗ್ಯಾರಂಟಿ. ಆದರೆ ನಿಮ್ಮ ಮಗನ ವಿಷಯದಲ್ಲಿ ಒಂದು ಎಚ್ಚರಿಕೆ ಇದೆ. ಮನುಷ್ಯ ಮೊಲವಾಗಿ ಬದಲಾಗುವ ದೃಶ್ಯವಿದೆ. ತಮಾಷೆಯಾಗಿಯೇ ಇದೆ, ಆದರೂ ಹಲ್ಕ್ ನೆನಪಿಸಿಕೊಳ್ಳಿ. ಈ ವರ್ಷ ಸಣ್ಣವೆರಡು ನೋಡಿ, ಇದನ್ನು ಮುಂದಿನ ವರ್ಷಕ್ಕೆ ಇಟ್ಟುಕೊಂಡರೂ ನಷ್ಟವಿಲ್ಲ.

ಹೆದರಿಸುವ ಪಾತ್ರವೇ ಇಲ್ಲದ ಮಾಟಗಾತಿ ಕಥೆ ಬೇಕಾದರೆ ಜಪಾನಿನ ಮಿಯಾಝಾಕಿ ಅವರ ‘ಕಿಕೀಸ್ ಡೆಲಿವರಿ ಸರ್ವಿಸ್’ ಇದೆ, 1989ರದ್ದು. ಹದಿಮೂರು ವರ್ಷದ ಹುಡುಗಿ ಕಪ್ಪು ಬೆಕ್ಕಿನ ಜೊತೆ ಮನೆ ಬಿಟ್ಟು, ಹೊಸ ಊರಿನ ಒಂದು ಬೇಕರಿಯಲ್ಲಿ ನೆಲೆ ನಿಲ್ಲುತ್ತಾಳೆ. ಅದರಲ್ಲಿ ಖಳನಾಯಕ ಅನ್ನುವವರೇ ಇಲ್ಲ. ಕೊನೆಯಲ್ಲಿ ಒಬ್ಬ ಹುಡುಗ ಗಾಳಿಹಡಗಿನಿಂದ ನೇತಾಡುವ ದೃಶ್ಯ ಮಾತ್ರ ಉಸಿರು ಬಿಗಿಹಿಡಿಸುತ್ತದೆ. ಹನ್ನೊಂದರ ಹುಡುಗಿಗೆ ಈ ಸಿನಿಮಾ ಬಹಳ ಹತ್ತಿರವಾಗುತ್ತದೆ. ತನ್ನ ಮೇಲೆ ತನಗೇ ನಂಬಿಕೆ ಹೋಗುವ ದಿನಗಳು ಅದರಲ್ಲಿ ಇವೆ. ತಮ್ಮ ಅರ್ಧದಲ್ಲಿ ಎದ್ದು ಹೋದರೂ ಅವಳು ನೋಡಲಿ.

‘ಕೊಕೊ’ ಬಗ್ಗೆ ಕೇಳಬಹುದು ಅಂತ ನನಗೆ ಗೊತ್ತು. ಅದು ಹ್ಯಾಲೋವೀನ್ ಸಿನಿಮಾ ಅಲ್ಲ. ಮೆಕ್ಸಿಕೊದಲ್ಲಿ ನವೆಂಬರ್ 1 ಮತ್ತು 2ರಂದು ಸತ್ತ ಹಿರಿಯರನ್ನು ಮನೆಗೆ ಕರೆಯುವ ಹಬ್ಬದ ಕಥೆ, 2017ರದ್ದು. ಫೋಟೊ ಇಟ್ಟು, ಹೂವಿಟ್ಟು, ಅವರಿಗೆ ಇಷ್ಟವಾದ ತಿಂಡಿ ಇಡುತ್ತಾರೆ. ಮಹಾಲಯದಲ್ಲಿ ಹಿರಿಯರಿಗೆ ಎಡೆ ಇಡುವುದನ್ನು ನೋಡಿದ ನಿಮ್ಮ ಅತ್ತೆಯವರಿಗೆ ಇದನ್ನು ವಿವರಿಸಿ ಹೇಳುವುದೇ ಬೇಡ. ಅವರನ್ನೂ ಜೊತೆಗೆ ಕೂರಿಸಿಕೊಳ್ಳಲು ಇರುವ ಸಿನಿಮಾ ಇದು. ಮುಗಿದ ಮೇಲೆ ತಮ್ಮ ಅಮ್ಮನ, ಅಜ್ಜಿಯ ಕಥೆ ಅವರೇ ಶುರು ಮಾಡುತ್ತಾರೆ, ನೋಡುತ್ತಿರಿ. ಇದರಲ್ಲಿರುವ ಅಸ್ಥಿಪಂಜರಗಳು ಹಾಡಿ ಕುಣಿಯುವಂಥವು, ಬೇಗ ಒಗ್ಗಿಹೋಗುತ್ತವೆ. ಕಷ್ಟದ ವಿಷಯ ಬೇರೆ. ಒಬ್ಬನಿಗೆ ಸ್ನೇಹಿತನೇ ವಿಷ ಹಾಕಿದ ಸಂಗತಿ ಬರುತ್ತದೆ. ಭೂಮಿಯ ಮೇಲೆ ಯಾರೂ ನೆನೆಸದಿದ್ದರೆ ಸತ್ತವರು ಆ ಲೋಕದಿಂದಲೂ ಮಾಯವಾಗುತ್ತಾರೆ. ಆರರ ಮಗುವಿಗೆ ಇದು ‘ಅಜ್ಜಿ ಯಾವಾಗ ಸಾಯ್ತಾರೆ?’ ಅನ್ನುವ ಪ್ರಶ್ನೆ ತರಬಹುದು. ಉತ್ತರಕ್ಕೆ ನೀವು ತಯಾರಿದ್ದರೆ ತೋರಿಸಿ. ಇತ್ತೀಚೆಗೆ ಮನೆಯಲ್ಲಿ ಯಾರಾದರೂ ತೀರಿಕೊಂಡಿದ್ದರೆ ಸ್ವಲ್ಪ ಕಾಲ ಬಿಡಿ.

‘ಮಾನ್‌ಸ್ಟರ್ಸ್ ಇಂಕ್’ ಅನ್ನು ಎಲ್ಲರೂ ಕಣ್ಣು ಮುಚ್ಚಿ ಸೂಚಿಸುತ್ತಾರೆ. ಜಿ ದರ್ಜೆ, 2001ರದ್ದು, ಒಳ್ಳೆಯ ಸಿನಿಮಾ. ರಾಕ್ಷಸರೇ ಮಗುವನ್ನು ಕಂಡು ಹೆದರುವುದು, ಕಿರುಚಾಟಕ್ಕಿಂತ ನಗುವಿನಲ್ಲಿ ಶಕ್ತಿ ಜಾಸ್ತಿ ಅಂತ ಕಂಡುಕೊಳ್ಳುವುದು, ಎಲ್ಲವೂ ಸೊಗಸು. ಆದರೆ ಅದರ ಮೂಲ ಕಲ್ಪನೆಯೇ ರಾತ್ರಿ ಮಗುವಿನ ಕೋಣೆಯ ಕಪಾಟಿನಿಂದ ರಾಕ್ಷಸ ಬರುವುದು. ರಾತ್ರಿ ಒಬ್ಬನೇ ಮಲಗಲು ಹೆದರುತ್ತಿರುವ ಹುಡುಗನಿಗೆ ಈಗಲೇ ಬೇಡ. ‘ಹೋಟೆಲ್ ಟ್ರಾನ್ಸಿಲ್ವೇನಿಯಾ’ ಪರವಾಗಿಲ್ಲ. ಗದ್ದಲ ಜಾಸ್ತಿ, ಹೂಸಿನ ತಮಾಷೆಗಳಿವೆ, ಅಮ್ಮನನ್ನು ಕಳೆದುಕೊಂಡ ಹಿನ್ನೆಲೆ ಇದೆ.

ಮಗಳಿಗೆ ಬೇರೆಯೇ ಒಂದು ಮಧ್ಯಾಹ್ನ ಕೊಡಿ. ತಮ್ಮ ಹೊರಗೆ ಆಡಲು ಹೋದಾಗ, ಅವಳ ಪಕ್ಕದಲ್ಲಿ ನಿಮ್ಮಲ್ಲಿ ಒಬ್ಬರು ಕೂತು ನೋಡುವುದು. ತಮ್ಮನಿಂದಾಗಿ ನನಗೆ ಏನೂ ಸಿಗುವುದಿಲ್ಲ ಅನ್ನುವ ಸಿಟ್ಟು ಅದರಿಂದ ಹೋಗುತ್ತದೆ. ಅವಳಿಗೆ ನಾನು ಹೇಳುವುದು 2012ರ ‘ಪ್ಯಾರಾನಾರ್ಮನ್’. ಸತ್ತವರ ಜೊತೆ ಮಾತಾಡಬಲ್ಲ ಹುಡುಗನನ್ನು ಶಾಲೆಯಲ್ಲಿ ಎಲ್ಲರೂ ಹೀಯಾಳಿಸುತ್ತಾರೆ. ಎದ್ದು ಬರುವ ಹೆಣಗಳಿವೆ, ನಿಜವಾಗಿಯೂ ಹೆದರಿಸುತ್ತದೆ. ಆದರೆ ಊರನ್ನು ಕಾಡುವ ಮಾಟಗಾತಿ ಯಾರು ಅಂತ ಗೊತ್ತಾದಾಗ ಕಥೆಯೇ ತಿರುಗಿಬಿಡುತ್ತದೆ. ಅವಳು ಹಿಂದೊಮ್ಮೆ ದೊಡ್ಡವರು ಹೆದರಿ ಕೊಂದ ಒಂದು ಚಿಕ್ಕ ಹುಡುಗಿ. ಹನ್ನೊಂದರ ಮಕ್ಕಳ ಜೊತೆ ಇದರ ಬಗ್ಗೆ ಬಹಳ ಮಾತಾಡಬಹುದು.

‘ಹೋಕಸ್ ಪೋಕಸ್’ ಅವಳ ತರಗತಿಯವರೆಲ್ಲ ನೋಡಿರುತ್ತಾರೆ. 1993ರದ್ದು, ಪಿಜಿ. ಹಾಡು, ಕುಣಿತ, ತಮಾಷೆ ಅಂತ ಹೆಸರು. ಆದರೆ ಶುರುವಿನ ಹತ್ತು ನಿಮಿಷದಲ್ಲೇ ಮಾಟಗಾತಿಯರು ಒಂದು ಪುಟ್ಟ ಹುಡುಗಿಯ ಜೀವ ಹೀರಿ ಕೊಲ್ಲುತ್ತಾರೆ, ಆಮೇಲೆ ಅವರನ್ನು ಗಲ್ಲಿಗೇರಿಸುತ್ತಾರೆ. ಕನ್ಯತ್ವದ ಬಗ್ಗೆ ಮಾತು ಸಿನಿಮಾದುದ್ದಕ್ಕೂ ಬರುತ್ತದೆ, ಅದೇನು ಅಂತ ಅವಳು ಕೇಳಬಹುದು. ಅವಳಿಗೆ ತೋರಿಸಬಹುದು, ಅವನಿಗೆ ಬೇಡವೇ ಬೇಡ. ‘ಇ.ಟಿ.’ ಕೂಡ ಮಗಳಿಗೆ ಚೆನ್ನ. ಬಿಳಿ ಬೆಡ್‌ಶೀಟ್ ಹೊದಿಸಿದ ಪುಟ್ಟ ಅನ್ಯಗ್ರಹದ ಜೀವಿಯನ್ನು ಹ್ಯಾಲೋವೀನ್ ವೇಷ ಅಂತ ಬೀದಿಯಲ್ಲಿ ನಡೆಸಿಕೊಂಡು ಹೋಗುವ ದೃಶ್ಯ ಎಷ್ಟು ಸಲ ನೋಡಿದರೂ ಖುಷಿ. ಮಗನಿಗೆ ಎರಡು ಮೂರು ವರ್ಷ ಕಾಯಿರಿ, ಇ.ಟಿ. ಸಾಯುವಂತಾಗುವ ಭಾಗ ದೀರ್ಘವಾಗಿದೆ.

ನೋಡುವ ರೀತಿ ಹೇಗಿರಬೇಕು? ಹಗಲಿನಲ್ಲಿ, ಕಿಟಕಿ ಪರದೆ ತೆರೆದು, ಲೈಟ್ ಹಾಕಿ. ಕತ್ತಲೆ ಕೋಣೆ ಮತ್ತು ದೊಡ್ಡ ಸ್ಪೀಕರ್ ಎರಡೂ ಬೇಡ. ಹೆದರಿಕೆಯ ಬಹುಪಾಲು ಬರುವುದು ಕಿವಿಯಿಂದ. ಬೇಕಾದರೆ ಯಾವುದಾದರೂ ಹೆದರಿಸುವ ದೃಶ್ಯವನ್ನು ಸದ್ದಿಲ್ಲದೆ ನೋಡಿ, ನಿಮಗೇ ಆಶ್ಚರ್ಯವಾಗುತ್ತದೆ. ಮಗು ಕಣ್ಣು ಮುಚ್ಚಿಕೊಂಡರೂ ಸಂಗೀತ ಒಳಗೆ ಹೋಗುತ್ತಲೇ ಇರುತ್ತದೆ. ಕಥೆಯನ್ನು ಮೊದಲೇ ಪೂರ್ತಿ ಹೇಳಿ, ಕೊನೆಯನ್ನೂ ಸೇರಿಸಿ. ಮಜಾ ಹೋಗುತ್ತದೆ ಅಂತ ಮಗಳು ಗೊಣಗಬಹುದು. ಆದರೆ ಚಿಕ್ಕ ಮಕ್ಕಳಿಗೆ ಗೊತ್ತಿರುವ ಕಥೆಯೇ ಇಷ್ಟ. ಇಲ್ಲದಿದ್ದರೆ ಒಂದೇ ಪುಸ್ತಕವನ್ನು ದಿನಾ ಓದಿಸಿಕೊಳ್ಳುತ್ತಿರಲಿಲ್ಲ.

ರಿಮೋಟ್ ಅವನ ಕೈಯಲ್ಲಿರಲಿ. ಇದನ್ನು ಮಾತ್ರ ತಪ್ಪಿಸಬೇಡಿ. ‘ಸಾಕು ಅನಿಸಿದ ಕೂಡಲೇ ನಿಲ್ಲಿಸು, ಯಾರೂ ಏನೂ ಅನ್ನಲ್ಲ’ ಅಂತ ಅಕ್ಕನ ಎದುರೇ ಹೇಳಿ. ಮೊದಲ ಹತ್ತು ನಿಮಿಷ ಅವನು ಸುಮ್ನೆ ಪರೀಕ್ಷೆ ಮಾಡಲು ನಾಲ್ಕೈದು ಸಲ ನಿಲ್ಲಿಸುತ್ತಾನೆ. ನಿಲ್ಲಿಸಲಿ. ನಿಜವಾಗಿಯೂ ನಿಲ್ಲುತ್ತದೆ ಅಂತ ಖಾತ್ರಿಯಾದ ಮೇಲೆ ನಿಲ್ಲಿಸುವುದನ್ನು ಅವನೇ ಬಿಡುತ್ತಾನೆ. ಅವನು ನಿಲ್ಲಿಸಿ ಎದ್ದು ಹೋದರೂ ಆ ದಿನ ಹಾಳಾಯಿತು ಅಂತ ಅಂದುಕೊಳ್ಳಬೇಡಿ. ಸಾಕು ಅಂತ ಹೇಳಲು ಅವನಿಗೆ ಬಂತು. ಬೇರೆಯವರ ಮನೆಯಲ್ಲಿ ಹೋದ ವರ್ಷ ಅವನಿಗೆ ಸಾಧ್ಯವಾಗದೇ ಹೋದದ್ದು ಅದೇ.

ಇನ್ನು ಗುಂಡಿಯ ವಿಷಯ. ಗುಂಡಿ ಇರುವ ಬಟ್ಟೆಗಳನ್ನೆಲ್ಲ ಒಳಗಿಟ್ಟು ನೀವು ಅವನಿಗೆ ನೆಮ್ಮದಿ ಕೊಟ್ಟಿರಿ, ಆಗ ಅದು ಬೇಕಿತ್ತು. ಆದರೆ ತಪ್ಪಿಸಿಕೊಂಡಷ್ಟೂ ಹೆದರಿಕೆ ಗಟ್ಟಿಯಾಗುತ್ತದೆ. ಗುಂಡಿಯಿಂದ ಏನೂ ಆಗಲಿಲ್ಲ ಅಂತ ಕಲಿಯಲು ಅವಕಾಶವೇ ಸಿಗುವುದಿಲ್ಲ. ಹಾಗಂತ ಒತ್ತಾಯವಾಗಿ ಅಂಗಿ ತೊಡಿಸಬೇಡಿ, ಕೊರಲೈನ್ ಮತ್ತೆ ತೋರಿಸಿ ‘ನೋಡು, ಏನಿಲ್ಲ’ ಅನ್ನುವುದಂತೂ ಬೇಡವೇ ಬೇಡ. ನಿಧಾನ ಹೋಗಿ. ಡಬ್ಬಿಯಲ್ಲಿ ಬಣ್ಣಬಣ್ಣದ ಗುಂಡಿಗಳನ್ನು ತಂದು ಚೌಕಾಬಾರದ ಕಾಯಿಗಳಾಗಿ ಬಳಸಿ. ನೀವು, ಅಕ್ಕ, ಅಜ್ಜಿ ಆಡುತ್ತಿರಿ, ಅವನು ದೂರದಿಂದ ನೋಡಲಿ. ಒಂದು ದಿನ ತಾನೇ ಬಂದು ಕಾಯಿ ನಡೆಸುತ್ತಾನೆ. ಆಮೇಲೆ ಬಣ್ಣದ ಪ್ರಕಾರ ವಿಂಗಡಿಸುವುದು, ಜೇಬಿನಲ್ಲಿ ಒಂದು ಇಟ್ಟುಕೊಳ್ಳುವುದು, ಅಪ್ಪನ ಅಂಗಿಯ ಗುಂಡಿ ಹಾಕಿಕೊಡುವುದು. ಬಟ್ಟೆಗೆ ಗುಂಡಿ ಹೊಲಿಯುವ ಕೆಲಸ ಎಲ್ಲಕ್ಕಿಂತ ಕೊನೆಗೆ ಇರಲಿ. ಸಿನಿಮಾದಲ್ಲಿ ಅವನನ್ನು ಅತಿ ಜಾಸ್ತಿ ಹೆದರಿಸಿದ್ದು ಸೂಜಿ ದಾರವೇ ಇರಬಹುದು. ಕಪ್ಪು ಗುಂಡಿಗಳೂ ಕೊನೆಗೇ ಬರಲಿ.

ಜೊತೆಗೆ ಚೌಕಿ ತೋರಿಸಿ. ಕೊರಲೈನ್ ಮಾಡಿದ್ದು ಒರೆಗಾನ್ ರಾಜ್ಯದ ಲೈಕಾ ಸ್ಟುಡಿಯೊದಲ್ಲಿ. ಅದರಲ್ಲಿರುವ ಹುಡುಗಿ ಒಂದು ಅಡಿಗಿಂತ ಚಿಕ್ಕ ಗೊಂಬೆ. ಅವಳ ಸ್ವೆಟರನ್ನು ತೀರಾ ತೆಳುವಾದ ಸೂಜಿಗಳಲ್ಲಿ ಒಬ್ಬರು ಕೈಯಲ್ಲೇ ಹೆಣೆದರು. ಗೊಂಬೆಯನ್ನು ಕೂದಲೆಳೆಯಷ್ಟು ಸರಿಸಿ ಒಂದು ಫೋಟೊ, ಮತ್ತೆ ಸರಿಸಿ ಇನ್ನೊಂದು ಫೋಟೊ. ಹೀಗೆ ಮಾಡಿದ ವಿಡಿಯೊಗಳು ಸಿಗುತ್ತವೆ. ಮೊದಲು ನೀವು ನೋಡಿ, ಆ ಇನ್ನೊಬ್ಬಳು ಅಮ್ಮ ಬಾರದ ತುಣುಕು ಆರಿಸಿ ಅವನಿಗೆ ತೋರಿಸಿ. ಫೋನ್‌ನಲ್ಲಿ ಅವನ ಆಟದ ಕಾರು ಇಟ್ಟು ಹಾಗೇ ಒಂದು ಪುಟ್ಟ ಸಿನಿಮಾ ಮಾಡಲು ಅಕ್ಕನ ಸಹಾಯ ಕೇಳಿ. ಹನ್ನೊಂದರ ಹುಡುಗಿಗೆ ಅದು ಭಾರಿ ಇಷ್ಟದ ಕೆಲಸ. ಹೆದರಿಸುವುದನ್ನು ತಾನೇ ಮಾಡಲು ಕಲಿತ ಮಗುವಿಗೆ ಅದರ ಮೇಲೆ ಹಿಡಿತ ಬರುತ್ತದೆ.

ರಾತ್ರಿ ಅವನು ಕಿರುಚಿ ಎದ್ದರೆ ಎರಡು ಬೇರೆ ಸಂಗತಿಗಳಿರಬಹುದು. ಬೆಳಗಿನ ಜಾವದ ಹತ್ತಿರ ಎದ್ದು, ಕನಸು ವಿವರಿಸಿ, ನಿಮ್ಮನ್ನು ತಬ್ಬಿಕೊಂಡರೆ ಅದು ಕೆಟ್ಟ ಕನಸು. ಮಲಗಿದ ಒಂದೆರಡು ಗಂಟೆಯೊಳಗೆ ಕಣ್ಣು ತೆರೆದೇ ಕಿರುಚಿ, ನಿಮ್ಮನ್ನೂ ಗುರುತಿಸದೆ, ಬೆಳಿಗ್ಗೆ ಏನೂ ನೆನಪಿಲ್ಲ ಅಂದರೆ ಅದು ಗಾಢ ನಿದ್ದೆಯಲ್ಲಿ ಆಗುವ ಬೇರೆ ವಿಷಯ, ಸಿನಿಮಾಕ್ಕೆ ಸಂಬಂಧ ಇರಬೇಕಾಗಿಲ್ಲ. ಆಗ ಎಬ್ಬಿಸಬೇಡಿ. ಬೀಳದ ಹಾಗೆ ನೋಡಿಕೊಂಡು ಪಕ್ಕದಲ್ಲಿರಿ.

ಗುಂಡಿಯ ಹೆದರಿಕೆ ಶುರುವಾಗಿ ಹೆಚ್ಚುಕಡಿಮೆ ವರ್ಷವಾಗಿದೆ. ಸಿನಿಮಾದ ಹೆದರಿಕೆ ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ಇಳಿಯುತ್ತದೆ. ಅದಕ್ಕೇ ನಾನು ಹೇಳಿದ್ದನ್ನು ಮಾಡುತ್ತಲೇ ಅವನ ಮಕ್ಕಳ ಡಾಕ್ಟರಿಗೆ ಈ ಸಲ ವಿಷಯ ತಿಳಿಸಿ. ಆಟದ ಮೂಲಕ ಹಂತ ಹಂತವಾಗಿ ಹೆದರಿಕೆ ಬಿಡಿಸುವ ಚಿಕಿತ್ಸೆ ಇದೆ, ಈ ವಯಸ್ಸಿನಲ್ಲಿ ಚೆನ್ನಾಗಿ ಫಲ ಕೊಡುತ್ತದೆ, ಔಷಧಿಯ ಮಾತೇ ಬರುವುದಿಲ್ಲ ಹೆಚ್ಚಾಗಿ. ಶಾಲೆಗೆ ಹೋಗಲು ಒಲ್ಲೆ ಅನ್ನುವುದು, ಬೆಳಿಗ್ಗೆ ಬೆಳಿಗ್ಗೆ ಹೊಟ್ಟೆನೋವು, ನಿಂತುಹೋಗಿದ್ದ ಹಾಸಿಗೆ ಒದ್ದೆ ಮತ್ತೆ ಶುರುವಾಗುವುದು ಇವುಗಳಲ್ಲಿ ಯಾವುದಾದರೂ ಕಂಡರೆ ಕಾಯಬೇಡಿ, ಕೂಡಲೇ ಹೋಗಿ.

ಈ ಅಕ್ಟೋಬರ್‌ನಲ್ಲಿ ಮಕ್ಕಳು ಯಾರ ಮನೆಗಾದರೂ ಹೋಗುವ ಮುಂಚೆ ಆ ಮನೆಯವರಿಗೆ ಒಂದು ಮೆಸೇಜ್ ಹಾಕಿ: ‘ಸಿನಿಮಾ ಹಾಕುವುದಾದರೆ ಯಾವುದು ಅಂತ ಮೊದಲೇ ತಿಳಿಸುತ್ತೀರಾ? ಚಿಕ್ಕವನಿಗೆ ಹೆದರಿಕೆ ಜಾಸ್ತಿ.’ ಇದರಲ್ಲಿ ಸಂಕೋಚಪಡುವುದು ಏನೂ ಇಲ್ಲ. ಕಡಲೆಕಾಯಿ ಅಲರ್ಜಿ ಇದ್ದರೆ ಹೇಳುತ್ತೀರಲ್ಲ, ಅಷ್ಟೇ. ಹೆಸರು ತಿಳಿದ ಮೇಲೆ ಕಾಮನ್ ಸೆನ್ಸ್ ಮೀಡಿಯಾ ಎಂಬ ತಾಣದಲ್ಲಿ ಹುಡುಕಿದರೆ ಯಾವ ದೃಶ್ಯದಲ್ಲಿ ಏನಿದೆ ಅಂತ ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ. ಮಗನಿಗೆ ಆಗದ ಸಿನಿಮಾ ಆದರೆ ಅವನನ್ನು ಬೇಗ ಕರೆದುಕೊಂಡು ಬನ್ನಿ, ಮಗಳು ಅಲ್ಲೇ ಇರಲಿ.